ಕಾಲು ಇಂಚು

ಮಾರ್ಚ್ ೩, ಸೋಮವಾರ

ಮತ್ತೆ ಸ್ಯಾಂಪಲ್ ಹಾಕಿಕೊಂಡು ನಿಂತೆ. ಆರು ವರ್ಷದಿಂದ ಈ ಹೊಲಿಗೆ ಅಂಗಡಿಯ ಮೀಡಿಯಂ ಸೈಜ್ ಎಂದರೆ ನಾನೇ. ಕಾಜಾ ಹೊಲಿಯುವ ಕೆಲಸ ಬಿಟ್ಟು ಎದ್ದು ಬಂದು ಗೊಂಬೆಯ ಹಾಗೆ ನಿಲ್ಲಬೇಕು. ಇವತ್ತು ಎದೆಯ ಹತ್ತಿರ ಬಿಗಿ. ಕಟಿಂಗ್ ಮಾಸ್ಟರ್ ಕನ್ನಡಕ ಒರೆಸಿಕೊಂಡರು.

"ನಂದೇ ತಪ್ಪು ಕಣಮ್ಮ. ಕಟಿಂಗಲ್ಲಿ ಕಾಲು ಇಂಚು ತಿಂದುಬಿಟ್ಟಿದೀನಿ."

ಪೇಪರ್ ಪ್ಯಾಟರ್ನ್‌ಗೆ ಕಾಲು ಇಂಚು ಸೇರಿಸಿದರು. ನಾನು ಬಾಯಿ ಬಿಡಲಿಲ್ಲ. ಮುಟ್ಟು ಹನ್ನೆರಡು ದಿನ ತಡವಾಗಿದೆ... ತಪ್ಪು ಅವರದಲ್ಲ.

ಮಾರ್ಚ್ ೪, ಬೆಳಗ್ಗೆ ಆರೂವರೆ

ಟೆಸ್ಟ್ ಕಿಟ್‌ನಲ್ಲಿ ಎರಡು ಗೆರೆ. ಮಗಳು ಬಾತ್‌ರೂಮ್ ಬಾಗಿಲು ಬಡಿಯುತ್ತಲೇ ಇದ್ದಳು, ಸ್ಕೂಲಿಗೆ ಲೇಟ್ ಅಂತ. ಇವರಿಗೆ ತೋರಿಸಿದೆ. ಮುಖ ಅರಳಿತು.

"ಇರಲಿ ಬಿಡು. ಒಂದಿದ್ದ ಕಡೆ ಎರಡಾಗುತ್ತೆ."

ಊಟದ ತಟ್ಟೆ ಲೆಕ್ಕ ಅಂದುಕೊಂಡಿದ್ದಾರೆ. ಬೇಡ ಎಂದೆ. ಮಗಳು ಹುಟ್ಟಿದ ಮೇಲೆ ಎರಡು ವರ್ಷ ನಾನು ನಾನಾಗಿರಲಿಲ್ಲ. ಸ್ನಾನಕ್ಕೆ ಹೋದರೂ ಅಳು. ಇವರಿಗೆ ಅದೆಲ್ಲ ಮರೆತೇ ಹೋಗಿದೆ. ನನಗೆ ಮರೆತಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ.

"ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ನುಂಗ್ಬಿಡು. ನರಪಿಳ್ಳೆಗೂ ಗೊತ್ತಾಗಲ್ಲ."

"ಕದ್ದು ಮಾಡೋ ಕೆಲಸಾನಾ ಇದು? ಡಾಕ್ಟರ್ ಹತ್ರಾನೇ ಹೋಗ್ತೀನಿ."

ಮಾರ್ಚ್ ೭, ಶುಕ್ರವಾರ

ಡಾಕ್ಟರಮ್ಮ ಮೊದಲು ಸ್ಕ್ಯಾನ್ ಮಾಡಿದರು. ಆರು ವಾರ. ಗರ್ಭಕೋಶದ ಒಳಗೇ ಇದೆ. ಗರ್ಭನಾಳದಲ್ಲಿ ಕೂತಿದ್ದರೆ ಮಾತ್ರೆಯಿಂದ ಹೋಗುವುದಿಲ್ಲ, ಜೀವಕ್ಕೇ ಅಪಾಯವಂತೆ. ಅಕ್ಕನ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು.

ದಾರಿ ಎರಡು. ಮಾತ್ರೆ — ಮೊದಲ ದಿನ ಒಂದು, ಒಂದೆರಡು ದಿನ ಬಿಟ್ಟು ನಾಲ್ಕು. ನೋವು, ರಕ್ತ ಎಲ್ಲ ಮನೆಯಲ್ಲೇ. ಇಲ್ಲವೇ ಅಲ್ಲೇ ಮಲಗಿಸಿ ಹೀರಿ ತೆಗೆಯುವುದು, ಹತ್ತು ನಿಮಿಷದ ಕೆಲಸ. ಮಾತ್ರೆ ಎಂದೆ.

"ಯಾರಾದ್ರೂ ಒತ್ತಾಯ ಮಾಡ್ತಿದಾರಾ?"

"ಮಾಡ್ತಿದಾರೆ. ಇಟ್ಕೋ ಅಂತ."

ನಕ್ಕುಬಿಟ್ಟರು. ಗಂಡನ ಸಹಿ ಬೇಕಾ ಎಂದೆ. "ನಿಮ್ಮದೊಂದೇ ಸಾಕು. ಯೋಚನೆ ಮಾಡಿ, ಬುಧವಾರ ಬನ್ನಿ." ಯೋಚನೆ ಮಾಡಿಯೇ ಬಂದಿದ್ದೇನೆ. ಆದರೂ ಹೂಂ ಎಂದೆ.

ಇವರು ಮಾತು ಬಿಟ್ಟಿದ್ದಾರೆ. ಬಿಡಲಿ.

ಮಾರ್ಚ್ ೧೦

ಎಂಬತ್ತು ಬ್ಲೌಸ್ ವಾಪಸ್. ಆವತ್ತಿನ ಸ್ಯಾಂಪಲ್‌ನವೇ, ಯಾವುದೋ ಹೋಟೆಲ್ ಯೂನಿಫಾರ್ಮ್. ಮೀಡಿಯಂ ಎಲ್ಲವೂ ಎದೆಯಲ್ಲಿ ದೊಗಳೆ. ಪ್ಯಾಟರ್ನ್ ಪೇಪರ್ ಮೈಯ ಕಾಲುಭಾಗಕ್ಕೆ ಮಾತ್ರ. ಅಲ್ಲಿ ಕಾಲು ಇಂಚು ಸೇರಿಸಿದರೆ ಸುತ್ತಲೂ ಒಂದು ಇಂಚು. ಮಾಸ್ಟರ್ ಟೇಪ್ ಸುತ್ತಿ ಡ್ರಾಯರಿನಲ್ಲಿಟ್ಟರು.

"ಮೂವತ್ತು ವರ್ಷ ಆಯ್ತು. ಕೈ ಹೋಯ್ತು ನಂದು. ನಾಳೆಯಿಂದ ಬರಲ್ಲ."

ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲರೆದುರೇ ಹೇಳಿದೆ. "ನಿಮ್ಮ ಕೈ ಸರಿಯಾಗೇ ಇದೆ ಮಾಸ್ಟರ್. ಬದಲಾಗಿದ್ದು ನನ್ನ ಮೈ. ಬಸುರಿ. ಬುಧವಾರ ಮಾತ್ರೆ ತಗೊಂಡು ತೆಗೆಸ್ತೀನಿ."

ಹನ್ನೊಂದು ಮಷೀನು ಒಟ್ಟಿಗೆ ನಿಂತವು. ತಲೆ ತಗ್ಗಿಸಲಿಲ್ಲ. ಯಾಕೆ ತಗ್ಗಿಸಬೇಕು?

ಮಾಸ್ಟರ್ ಡ್ರಾಯರ್ ಎಳೆದರು. "ಮೊದ್ಲೇ ಹೇಳಿದ್ರೆ ಬೇರೆಯವರಿಗೆ ಹಾಕಿ ನೋಡ್ತಿದ್ನಲ್ಲಮ್ಮ." ಟೇಪ್ ಮತ್ತೆ ಕೊರಳಿಗೆ ಬಂತು. ಎಂಬತ್ತನ್ನೂ ಬಿಚ್ಚಿ ಹೊಲಿಯಲು ನಾನೂ ಕೂತೆ.

ಮಾರ್ಚ್ ೧೨

ಮೊದಲ ಮಾತ್ರೆ. ಡಾಕ್ಟರಮ್ಮನ ಎದುರೇ ನುಂಗಿದೆ. ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು.

ಮಾರ್ಚ್ ೧೪, ಸಂಜೆ

ನಾಲ್ಕೂ ಮಾತ್ರೆ ಆಯಿತು. ಹೊಟ್ಟೆ ಹಿಂಡಿ ಹಾಕಿತು. ಗಂಟೆಗೆ ಎರಡು ದಪ್ಪ ಪ್ಯಾಡ್ ತೊಯ್ದು, ಎರಡು ಗಂಟೆಯಾದರೂ ನಿಲ್ಲದಿದ್ದರೆ ಓಡಿ ಬನ್ನಿ ಎಂದಿದ್ದರು. ಅಷ್ಟಾಗಲಿಲ್ಲ.

ಇವರು ಬಿಸಿನೀರಿನ ಬ್ಯಾಗ್ ಹಿಡಿದು ಬಾಗಿಲಲ್ಲೇ ನಿಂತರು. "ನನಗೆ ಬೇಕಿತ್ತು ಕಣೇ."

"ಗೊತ್ತು. ನನಗೆ ಬೇಡವಾಗಿತ್ತು."

ಬ್ಯಾಗ್ ಕೊಟ್ಟು ಕಾಲ ಹತ್ತಿರ ಕೂತರು. ಅಳು ಬಂತು. ನೋವಿಗೆ. ಬೇರೆ ಯಾತಕ್ಕೂ ಅಲ್ಲ.

ಮಾರ್ಚ್ ೩೧, ಸೋಮವಾರ

ಶುಕ್ರವಾರ ಮತ್ತೆ ಸ್ಕ್ಯಾನ್ ಆಯಿತು. ಎಲ್ಲ ಕ್ಲಿಯರ್.

ಇವತ್ತು ಹೊಸ ಸ್ಯಾಂಪಲ್. ಮಾಸ್ಟರ್ ಅದನ್ನು ಹಿಡಿದು ನನ್ನ ಮಷೀನಿನ ತನಕ ಬಂದರು. "ಹಾಕ್ಕೊಂಡು ನೋಡ್ತೀಯೇನಮ್ಮ?"

ಆರು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

"ಇವತ್ತು ಬೇಡ ಮಾಸ್ಟರ್."

ಕಾರಣ ಕೇಳಲಿಲ್ಲ. ಮಡಿಸಿಕೊಂಡು ಹೋದರು. ಬೇಡ ಅನ್ನುವುದು ಇಷ್ಟು ಸಲೀಸು ಅಂತ ಗೊತ್ತಿದ್ದರೆ, ಆರು ವರ್ಷದ ಹಿಂದೆ ಮೊದಲ ಸ್ಯಾಂಪಲ್‌ಗೇ ಅಂದುಬಿಡುತ್ತಿದ್ದೆ.