ನಿನ್ನ ಮದುವೆ ಆಗ್ಲಿ, ಆಮೇಲೆ

ಅಪ್ಪಾ, ನೀನು ಎಲ್ಲಿದ್ದೀಯೋ ಅಲ್ಲಿಗೇ ಈ ಕಾಗದ,

ಮದುವೆಯ ಮಾರನೇ ದಿನ ಕನ್ನಡಿ ಮುಂದೆ ನಿಂತು ಕಾರಣವಿಲ್ಲದೆ ನಕ್ಕೆ. ನನ್ನ ಗಂಡ! ಈ ಎರಡು ಪದ ಬರೆಯುವುದೇ ಎಷ್ಟು ಖುಷಿ ಗೊತ್ತಾ? ಹೆಸರು ಪ್ರೀತಮ್, ಕಳಸದ ಹತ್ತಿರದ ಸಂಸೆಯವನು. ನಕ್ಕರೆ ಕಣ್ಣೇ ಕಾಣುವುದಿಲ್ಲ. ನನ್ನ ಕಾನ್ವೆಂಟ್ ಕನ್ನಡದ ಅಕ್ಷರ ನೋಡಿ "ಇದು ಡಾಕ್ಟ್ರ ಚೀಟಿ ಥರ ಇದೆ" ಅನ್ನುತ್ತಾನೆ. ನೀನು ಅವನನ್ನು ನೋಡಲೇ ಇಲ್ಲ. ಹೋದ ಮಳೆಗಾಲದಲ್ಲಿ ಅಂಗಡಿಯ ಬಾಗಿಲು ತೆಗೆಯುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ವರ್ಷದೊಳಗೇ ಮದುವೆ ಆಗಬೇಕೆಂದು ಎಲ್ಲರೂ ಹಟ ಹಿಡಿದರು, ಆಯಿತು. ನಾನು ತುಂಬಾ ತುಂಬಾ ಸಂತೋಷವಾಗಿದ್ದೇನೆ. ಅಷ್ಟೇ ಸಿಟ್ಟೂ ಇದೆ. ನಿನ್ನ ಮೇಲೆಯೇ.

ಮೂಡಿಗೆರೆಯ ನಮ್ಮ ಕಾಫಿಪುಡಿ ಅಂಗಡಿ ನೆನಪಾದಾಗಲೆಲ್ಲ ಮೊದಲು ಕಿವಿಗೆ ಬೀಳುವುದು ಪುಡಿ ತುಂಬುವ ನಿನ್ನ ಸ್ಕೂಪಿನ ಸದ್ದು. ತಂಗಿ ಸಿಂಚು ಶಾಲೆ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಗಿರಾಕಿ ಬಂದರೆ ಸಾಕು, ಚಿಕೋರಿ ಎಷ್ಟು ಹಾಕಬೇಕು, ಪೀಬೆರಿ ಬೀಜ ಯಾಕೆ ಗುಂಡಗಿರುತ್ತದೆ ಎಂದು ಶುರುಮಾಡಿದವಳು ನಿಲ್ಲಿಸುತ್ತಿರಲಿಲ್ಲ. ಎದುರಿನವರು ಗಡಿಯಾರ ನೋಡಿದರೂ ತಿಳಿಯದು, ಆಕಳಿಸಿದರೂ ತಿಳಿಯದು. ಆಗ ನೀನು ಸ್ಕೂಪಿನಿಂದ ಡಬ್ಬಕ್ಕೆ ಒಮ್ಮೆ ತಟ್ಟುತ್ತಿದ್ದೆ. ಸಾಕು ಅಂತ. ಎರಡು ಸಲ ತಟ್ಟಿದರೆ, ಈಗ ಅವರನ್ನು ಏನಾದರೂ ಕೇಳು ಅಂತ. "ಅಂಕಲ್, ನಿಮ್ಮ ತೋಟದಲ್ಲಿ ಹೂ ಆಯ್ತಾ?" ಎಂದು ಅವಳು ತಟ್ಟನೆ ಕೇಳಿದರೆ ಗಿರಾಕಿಗಳು ಕರಗಿಹೋಗುತ್ತಿದ್ದರು. "ಎಷ್ಟು ಚುರುಕು ಮಾರಾಯ ನಿನ್ ಮಗಳು!" ಆ ಸದ್ದಿನ ಅರ್ಥ ನಮ್ಮ ಮೂವರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ.

ಚಿಕ್ಕಮಗಳೂರಿಗೆ ಸಿಂಚುವನ್ನು ಕರೆದುಕೊಂಡು ಹೋದ ದಿನ ನಾನೂ ಕಾರಿನಲ್ಲಿದ್ದೆನಲ್ಲ. ಮಾತಿನ ತರಬೇತಿ ಕೊಡುವ ಆ ಮೇಡಂ ಎಷ್ಟು ಸ್ಪಷ್ಟವಾಗಿ ಹೇಳಿದರು! "ಭಾಷೆ ಚೆನ್ನಾಗೇ ಇದೆ. ಜನರ ಮಧ್ಯೆ ಅದನ್ನ ಹೇಗೆ ಬಳಸ್ಬೇಕು ಅನ್ನೋದು ಮಾತ್ರ ಅವಳಿಗೆ ತಾನಾಗೇ ಬರಲ್ಲ. ಸೂಚನೆ, ವ್ಯಂಗ್ಯ ಅರ್ಥ ಆಗಲ್ಲ. ನೇರವಾಗಿ ಹೇಳಿ, ಅಭ್ಯಾಸ ಮಾಡ್ಸಿ. ಮನೇಲಿ, ಸ್ಕೂಲಲ್ಲಿ ಎಲ್ರಿಗೂ ತಿಳಿಸಿ. ಒಬ್ಬರಿಂದ ಆಗೋ ಕೆಲ್ಸ ಅಲ್ಲ ಇದು." ನೀನು ತಲೆಯಾಡಿಸಿದೆ. ವಾಪಸ್ ಬರುವಾಗ ವಸ್ತಾರೆ ದಾಟುವಷ್ಟರಲ್ಲಿ ತೀರ್ಮಾನವನ್ನೂ ಮಾಡಿಬಿಟ್ಟಿದ್ದೆ.

"ಯಾರಿಗೂ ಹೇಳೋದು ಬೇಡ. ಅಮ್ಮಂಗೆ ಕಿವಿ ತೋರ್ಸಿದ್ವಿ ಅಂತ ಹೇಳಣ. ನಿನ್ನ ಮದುವೆ ಆಗ್ಲಿ, ಆಮೇಲೆ ನೋಡಣ."

"ಅಪ್ಪಾ, ನನ್ನ ಮದುವೆಗೂ ಇವಳಿಗೂ ಏನು ಸಂಬಂಧ?"

"ಗಂಡಿನ ಕಡೆಯೋರು ಮನೆತನದಲ್ಲಿ ಏನಾದ್ರೂ ಇದ್ಯಾ ಅಂತ ಕೇಳ್ತಾರೆ. ನಿಂಗೆ ಗೊತ್ತಾಗಲ್ಲ ಸುಮ್ನಿರು."

ಹಿಂದಿನ ಸೀಟಿನಿಂದ ಸಿಂಚು ಕೇಳಿದಳು. "ಅಪ್ಪಾ, ನನ್ನ ಕಿವಿ ಯಾವಾಗ ನೋಡಿದ್ರು?" ನೀನು ರೇಡಿಯೋ ಜೋರು ಮಾಡಿದೆ.

ನೀನು ಹೋದ ಮೇಲೆ ಅವಳು ಶಾಲೆಗೆ ಮರಳಿದ ವಾರ ಏನಾಯಿತು ಗೊತ್ತಾ? ತರಗತಿಯಲ್ಲಿ ಮಳೆಯ ಪಾಠ. ಇವಳು ಎದ್ದು ಕಾಫಿ ಹೂ ಅರಳಿಸುವ ಹೂಮಳೆ, ಮುಂಗಾರು, ಕೊಟ್ಟಿಗೆಹಾರದ ಮಂಜು ಎಂದು ಹೇಳುತ್ತಲೇ ಹೋದಳಂತೆ. ಕ್ಲಾಸಿನ ಮೇಡಂ ರೇಗಿ, "ಬಾ ತಾಯಿ, ನೀನೇ ಬಂದು ಪಾಠ ಮಾಡು" ಎಂದರು. ಸಿಂಚು ಹೋದಳು. ಮೇಡಂ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು "ಎಲ್ರೂ ಪುಸ್ತಕ ತೆಗೀರಿ" ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಮ್ಮನನ್ನು ಕರೆಸಿ "ತಂದೆ ಸತ್ತಿದ್ದಾರೆ ಅಂತ ಇಷ್ಟು ಕೊಬ್ಬು ಸಹಿಸೋಕಾಗಲ್ಲ" ಎಂದರು. ಅಮ್ಮ ಮನೆಗೆ ಬಂದು ಅವಳ ಬೆನ್ನಿಗೆ ಹೊಡೆದಳು. "ಅಪ್ಪ ಇರೋವಾಗ ಸರಿಯಾಗೇ ಇದ್ಯಲ್ಲೇ!" ಎಂದು ಅಳುತ್ತಾ ಹೊಡೆದಳು. ನಾನು ಆ ಹೊತ್ತಿನಲ್ಲೇ ಚಿಕ್ಕಮಗಳೂರು, ಸ್ಕೂಪು, ಎಲ್ಲವನ್ನೂ ಹೇಳಿದೆ. ಅಮ್ಮ ನಂಬಲಿಲ್ಲ. ಅವಳು ಹೇಗೆ ನಂಬಬೇಕಿತ್ತು? ನೀನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ.

ಅದಾದ ಮೇಲೆ ಸಿಂಚು ಮಾತೇ ನಿಲ್ಲಿಸಿದಳು. "ಯಾವಾಗ ಸಾಕು ಅಂತ ನಂಗೆ ಗೊತ್ತಾಗಲ್ಲ ಅಕ್ಕ. ಶುರುನೇ ಮಾಡ್ದಿದ್ರೆ ತಪ್ಪಾಗಲ್ಲ." ಎಷ್ಟು ಶಾಂತವಾಗಿ ಹೇಳಿದಳು! ಅವಳ ಮಾತಿಗೆ ಅಂಚು ಹಾಕುವ ಸ್ಕೂಪು ನಿನ್ನೊಬ್ಬನ ಕೈಯಲ್ಲೇ ಇತ್ತು. ಇನ್ನೊಬ್ಬರ ಕೈಗೆ ಕೊಟ್ಟು ಹೋಗಲು ನಿನಗೆ ಏನು ಅಡ್ಡ ಬಂತು, ನಾನಾ?

ಪ್ರೀತಮ್ ಮನೆಯವರು ನನ್ನನ್ನು ನೋಡಲು ಬಂದ ದಿನ, ಕಾಫಿ ಲೋಟ ಕೆಳಗಿಡುವ ಮೊದಲೇ ಸಿಂಚುವಿನ ವಿಷಯ ಹೇಳಿಬಿಟ್ಟೆ. ಅಮ್ಮನ ಮುಖ ಬಿಳಿಚಿಕೊಂಡಿತು. ಪ್ರೀತಮನ ಸೋದರಮಾವ ಕೇಳಿಯೇ ಕೇಳಿದರು, ನೀನು ಹೇಳಿದ ಹಾಗೆಯೇ. "ಮನೆತನದಲ್ಲಿ ಇದೆಯಾ ಇದು?" ಪ್ರೀತಮ್ ಅಂದ, "ಮಾವ, ನೀವು ಬಾಯಿ ತೆಗೆದ್ರೆ ಕೊಟ್ಟಿಗೆಹಾರದಿಂದ ಸಂಸೆ ತನಕ ಮುಚ್ಚಲ್ಲ. ನಿಮ್ಮ ಮನೆತನ ಯಾರಾದ್ರೂ ಕೇಳಿದ್ರಾ?" ಮಾವನೇ ಮೊದಲು ನಕ್ಕರು. ನಾನು ಆ ಕ್ಷಣವೇ ಪ್ರೀತಮನಿಗೆ ಬಿದ್ದುಹೋದೆ, ಅಪ್ಪ! ಆದರೆ ಆ ನಗುವಿನ ಮಧ್ಯೆಯೇ ಒಳಗೆ ಏನೋ ಸುಟ್ಟಿತು. ನೀನು ಅಷ್ಟು ವರ್ಷ ಹೆದರಿದ್ದು ಇದಕ್ಕಾ? ಈ ಒಂದು ಪ್ರಶ್ನೆಗಾ?

ಮೊನ್ನೆ ಸಂಸೆಯಲ್ಲಿ ಬೀಗರ ಊಟ. ಹೊರಡುವಾಗ ಅಮ್ಮ ಸಿಂಚುಗೆ "ಅಲ್ಲಿ ಬಾಯಿ ಬಿಡಬೇಡ" ಎಂದಿದ್ದಳು. ನಾನು ಸಿಂಚುವನ್ನು ಪಕ್ಕಕ್ಕೆ ಕರೆದು, "ಗೊತ್ತಾಗದಿದ್ರೆ ಅವರನ್ನೇ ಕೇಳು. ಸಾಕಾ ಅಂತ ಕೇಳೋದು ತಪ್ಪಲ್ಲ" ಎಂದೆ. ಇದನ್ನು ಇಬ್ಬರೂ ಮೊದಲೇ ಎಷ್ಟೋ ಸಲ ಆಡಿ ನೋಡಿದ್ದೆವು. ಈ ಮನೆಯವರಿಗೂ ಮೊದಲೇ ಹೇಳಿಟ್ಟಿದ್ದೆ, ಅವಳು ಕೇಳಿದರೆ ನೇರವಾಗಿ ಉತ್ತರ ಕೊಡಿ ಎಂದು. ಪಂಕ್ತಿಯಲ್ಲಿ ಅವಳ ಪಕ್ಕ ಕೂತದ್ದು ಅದೇ ಮಾವ. ಪಾಯಸ ಬರುವ ತನಕ ಪೀಬೆರಿ ಪುರಾಣ ನಡೆಯಿತು. ಆಮೇಲೆ ಅವಳು ನಿಲ್ಲಿಸಿದಳು. "ಮಾವ, ನಾನು ಜಾಸ್ತಿ ಮಾತಾಡಿದ್ನಾ? ಸಾಕಾ?" ಅಮ್ಮ ಎಲೆಯ ಮೇಲೆ ತಲೆ ತಗ್ಗಿಸಿದಳು.

"ಸಾಕು ಮಾರಾಯ್ತಿ. ಈಗ ನಂದು ಕೇಳು" ಎಂದರು ಮಾವ. ತಾವು ಹುಡುಗರಾಗಿದ್ದಾಗ ಕಳಸದ ಬಸ್ಸಿಗೆ ಕಾದ ಕತೆ ತೆಗೆದರು. ಎಲೆಗೆ ಮಜ್ಜಿಗೆ ಬಂದರೂ ಕತೆಯಲ್ಲಿ ಬಸ್ಸು ಬರಲಿಲ್ಲ. ಸಿಂಚು ಅವರ ಮುಖವನ್ನೇ ನೋಡುತ್ತಾ ಕೇಳಿದಳು, ಕೇಳಿದಳು. ಆಮೇಲೆ ಬೆರಳಿನಿಂದ ಸ್ಟೀಲ್ ಲೋಟಕ್ಕೆ ಒಮ್ಮೆ ತಟ್ಟಿದಳು.

"ಮಾವ, ನಿಮ್ದೂ ಸಾಕು."

ಇಡೀ ಪಂಕ್ತಿ ನಕ್ಕಿತು. ಅವಳನ್ನು ನೋಡಿ ಅಲ್ಲ, ಅವಳ ಜೊತೆ. ಅಮ್ಮ ಮಾತ್ರ ಆ ಲೋಟವನ್ನೇ ನೋಡುತ್ತಿದ್ದಳು. ಅಂಗಡಿಯಲ್ಲಿ ಎಷ್ಟೋ ವರ್ಷ ಕೇಳಿದ್ದ ಸದ್ದು ಅದು… "ಇದಾ?" ಎಂದು ನನ್ನ ಕಡೆ ತಿರುಗಿದಳು. "ಇದನ್ನಾ ನಿಮ್ಮಪ್ಪ ನನ್ನಿಂದ ಮುಚ್ಚಿಟ್ಟಿದ್ದು?"

ಸೋಮವಾರ ಅಮ್ಮ ಮತ್ತು ನಾನು ಶಾಲೆಗೆ ಹೋಗುತ್ತೇವೆ. ತರಬೇತಿಯ ಮೇಡಂ ನಿನಗೆ ಹೇಳಿದ್ದನ್ನೆಲ್ಲ ಕ್ಲಾಸಿನ ಮೇಡಂಗೆ ಹೇಳುತ್ತೇವೆ. ಅಲ್ಲಿಂದ ನೇರ ಚಿಕ್ಕಮಗಳೂರಿಗೆ. ಈ ಸಲ ಕಿವಿಯ ಸುಳ್ಳು ಇರುವುದಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿಯುತ್ತದೋ ಇಲ್ಲವೋ, ಮಾತು ಕೊಡಲಾರೆ.

ನಿನ್ನ ಮದುವೆ ಆಗ್ಲಿ, ಆಮೇಲೆ ಅಂದಿದ್ದೆಯಲ್ಲ. ಆಗಿದೆ, ಅಪ್ಪ. ನೀನೆಲ್ಲಿ?