ಚಾರ್ಜರ್ ಕೀಳೋಕೆ ಇಪ್ಪತ್ತು ನಿಮಿಷ

ರೀ,

ಹೇಗಿದ್ದೀರಿ ಅಂತ ವಿಚಾರಿಸೋಕೆ ಬರೆದ ಕಾಗದ ಇದಲ್ಲ. ನಮ್ಮ ಎಲೆಕ್ಟ್ರಿಕ್ ಕಾರಿನ ಎಡಗಡೆ ಹಿಂದಿನ ಟೈರು ದಿನಾ ಬೆಳಗ್ಗೆ ಸ್ವಲ್ಪ ಇಳಿದಿರುತ್ತೆ. ನೀವು ಮನೆ ಬಿಟ್ಟು ಹೋದ ಮೇಲೆ ಶುರುವಾಯಿತು ಅಂದುಕೊಂಡಿದ್ದೆ.

ಹೋದ ವಾರ ಟೈರ್ ಅಂಗಡಿಯವರು ಅದರಲ್ಲಿ ಚುಚ್ಚಿಕೊಂಡಿದ್ದ ಮೊಳೆ ತೋರಿಸಿದರು. ಅದರ ತಲೆ ಸವೆದು ನುಣ್ಣಗಾಗಿತ್ತು. "ಇದು ಚುಚ್ಚಿ ವರ್ಷವಾದರೂ ಆಗಿರಬೇಕು ಅಮ್ಮಾ, ಯಾರೋ ದಿನಾ ಗಾಳಿ ತುಂಬಿಕೊಂಡು ಬಂದಿದ್ದಾರೆ" ಅಂದರು. ಡಿಕ್ಕಿಯಲ್ಲಿ ನಿಮ್ಮ ಹಳೇ ಟವೆಲ್ ಕೆಳಗೆ, ಕಾಲಲ್ಲಿ ಒತ್ತುವ ಪಂಪು ಸಿಕ್ಕಿತು.

ನಾನು ಡ್ಯೂಟಿಗೆ ಹೊರಡುವ ಮುಂಚೆ, ಕಾರಿನ ಚಾರ್ಜರ್ ಕಿತ್ತು ಬರ್ತೀನಿ ಅಂತ ಕೆಳಗೆ ಹೋಗುತ್ತಿದ್ದಿರಿ. ಚಾರ್ಜರ್ ಕೀಳೋಕೆ ಇಪ್ಪತ್ತು ನಿಮಿಷ ಬೇಕಾ, ಯಾರ ಜೊತೆ ಫೋನು ಅಂತ ನಾನು ರಂಪ ಮಾಡಿದೆ. ಮಾತಿಗೆ ಮಾತು ಬೆಳೆದು ನೀವು ಹೊರಟೇಬಿಟ್ಟಿರಿ. ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತಾ? ಮೊಳೆ ಕೀಳಿಸೋದು ಬಿಟ್ಟು ವರ್ಷವೆಲ್ಲ ಗಾಳಿ ತುಂಬಿದಿರಲ್ಲ, ಎಂಥ ಮೊಂಡು ಮನುಷ್ಯ ನೀವು! ಅಥವಾ ಆ ಇಪ್ಪತ್ತು ನಿಮಿಷ ನನ್ನಿಂದ ದೂರ ಇರೋದು ನಿಮಗೆ ಬೇಕಾಗಿತ್ತಾ? ಇದಕ್ಕೆ ಉತ್ತರ ಬರೆಯಬೇಡಿ.

ಪಂಪಿನ ಮೀಟರ್ ಮುಳ್ಳು ಎಲ್ಲಿಗೆ ಬಂದಾಗ ನಿಲ್ಲಿಸಬೇಕು, ಅಷ್ಟು ಬರೆಯಿರಿ ಸಾಕು. ಮೊಳೆ ಕೀಳೋದು ಸದ್ಯಕ್ಕೆ ಬೇಡ ಅಂತ ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ಕಾರೂ ಸದ್ದು ಮಾಡಲ್ಲ, ಮನೆಯೂ ಈಗ ಹಾಗೇ ಆಗಿದೆ.

ನಿಮಗೆ ಪಂಪು ಬೇಕಿದ್ದರೆ ಬೆಳಗ್ಗೆ ಆರಕ್ಕೆ ಬನ್ನಿ. ಕೆಳಗೇ ಇರುತ್ತೇನೆ. ಚಾರ್ಜರ್ ಕೀಳೋಕೆ ಈಗ ನನಗೂ ಇಪ್ಪತ್ತು ನಿಮಿಷ ಹಿಡಿಯುತ್ತೆ.

ಇಂತಿ,
ನೀವೇ ಹೆಸರಿಟ್ಟ
ಪತ್ತೇದಾರಿ