ಬಾರದ ವ್ಯಾನು, ಬಾರದ ಅಣ್ಣ

ವಿಚಾರಣಾಧೀನ ಕೈದಿಗಳನ್ನು ನ್ಯಾಯಾಲಯಕ್ಕೆ ಕರೆತರುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ನಾಲ್ಕು ವರ್ಷಗಳಿಂದ ಜೈಲಿನಲ್ಲಿದ್ದಾನೆ. ಅವನ ಮೊಕದ್ದಮೆಯ ವಿಚಾರಣೆ ಇನ್ನೂ ಶುರುವೇ ಆಗಿಲ್ಲ. ಆರೋಪಿ ಎದುರಿಗಿಲ್ಲದೆ ಆರೋಪ ಓದುವಂತಿಲ್ಲ. ಆರೋಪಿಯನ್ನು ನೀವು ಕರೆತರುವುದಿಲ್ಲ. 'ಸಿಬ್ಬಂದಿ ಕೊರತೆ' ಎಂದು ನಿಮ್ಮ ಕಚೇರಿ ಪ್ರತಿ ಸಲವೂ ಚೀಟಿ ಕಳಿಸುತ್ತದೆ, ನ್ಯಾಯಾಲಯ ಇನ್ನೊಂದು ತಾರೀಕು ಕೊಡುತ್ತದೆ. ಇದು ನನ್ನ ದೂರು. ಆದರೆ ದೂರುವ ಬಾಯಿಯೂ ಅಷ್ಟೇನೂ ಚೊಕ್ಕವಲ್ಲ ಎಂಬುದನ್ನು ಈ ಪತ್ರದಲ್ಲೇ ಹೇಳಬೇಕಾಗಿದೆ.

ನಾನು ದರ್ಜಿ. ತಮ್ಮ ನನ್ನ ಅಂಗಡಿಯಲ್ಲೇ ಕಾಜಾ, ಗುಂಡಿಯ ಕೆಲಸ ಮಾಡಿಕೊಂಡಿದ್ದ. ಬೀದಿಯಲ್ಲಿ ಕಲ್ಲು ತೂರಾಟವಾದ ದಿನ ಶಟರ್ ಎಳೆಯಲು ಹೊರಗೆ ಹೋದವನನ್ನು ಕಲ್ಲು ಎಸೆದವರ ಜೊತೆ ಸೇರಿಸಿ ಒಯ್ದರು. ಅವನ ಕೈಯಲ್ಲಿದ್ದ ಶಟರ್ ಎಳೆಯುವ ಕೊಕ್ಕೆ 'ಮಾರಕಾಸ್ತ್ರ'ವಾಯಿತು. ಇರಲಿ, ನಿಜವೋ ಸುಳ್ಳೋ ವಿಚಾರಣೆಯಲ್ಲಿ ಗೊತ್ತಾಗಲಿ ಅನ್ನುವುದಷ್ಟೇ ನಮ್ಮ ಆಸೆಯಾಗಿತ್ತು. ಮೊದಮೊದಲು ಪ್ರತಿ ತಾರೀಕಿಗೂ ಅವನಿಗೆಂದು ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು ನ್ಯಾಯಾಲಯದ ವರಾಂಡದಲ್ಲಿ ಕೂರುತ್ತಿದ್ದೆ. ಸಂಜೆ ಅಂಗಿಯ ಸಮೇತ ವಾಪಸು. "ಇವತ್ತೂ ಬರ್ಲಿಲ್ವಾ?" ಎಂದು ಕೇಳುತ್ತಿದ್ದ ಹೆಂಡತಿ ಬರಬರುತ್ತಾ ಕೇಳುವುದನ್ನೇ ಬಿಟ್ಟಳು. ನಾನು ಹೋಗುವುದನ್ನೇ ಬಿಟ್ಟೆ. ನಿಮ್ಮ ವ್ಯಾನು ಬರುವುದಿಲ್ಲ ಎಂಬುದರಲ್ಲಿ ನನಗೆ ಅಷ್ಟು ಭರವಸೆ ಬಂದುಬಿಟ್ಟಿತ್ತು. ಸರ್ಕಾರಿ ಕಚೇರಿಯೊಂದನ್ನು ಇಷ್ಟು ಗಾಢವಾಗಿ ನಂಬಿದ ಪ್ರಜೆ ಇನ್ನೊಬ್ಬನಿರಲಾರ.

ಕಳೆದ ತಿಂಗಳು ವ್ಯಾನು ಬಂತು.

ತಮ್ಮನನ್ನು ಕಂಡ ನ್ಯಾಯಾಧೀಶರು ಕೆಂಡಾಮಂಡಲವಾದರಂತೆ. "ವಿಚಾರಣೆ ಇಲ್ದೆ ನಾಲ್ಕು ವರ್ಷ ಇಟ್ಕೊಂಡಿದ್ದೀರಾ? ಇವನ ಮನೆಯವರು ಯಾರಿದ್ದೀರಿ? ಜಾಮೀನಿಗೆ ಸಹಿ ಹಾಕಿ, ಇವತ್ತೇ ಕರ್ಕೊಂಡು ಹೋಗಿ" ಅಂದರಂತೆ. ವಕೀಲರು ನನಗೆ ಮೇಲಿಂದ ಮೇಲೆ ಫೋನ್ ಮಾಡಿದ್ದಾರೆ. ಫೋನು ಬಟ್ಟೆ ರಾಶಿಯ ಅಡಿಯಲ್ಲಿತ್ತು, ಮೇಲೆ ಮಷೀನಿನ ಸದ್ದು. ಗೊತ್ತಾಗಿ ಎದ್ದುಬಿದ್ದು ಓಡುವಷ್ಟರಲ್ಲಿ ನ್ಯಾಯಾಲಯದ ಬಾಗಿಲು ಹಾಕಿತ್ತು. ವರ್ಗವಾಗಿದ್ದ ಆ ನ್ಯಾಯಾಧೀಶರಿಗೆ ಅಲ್ಲಿ ಅದೇ ಕೊನೆಯ ದಿನ; ಸಹಿ ಬೀಳದ ಜಾಮೀನು ಬಾಯಿಮಾತಾಗಿಯೇ ಉಳಿಯಿತು. ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ತಮ್ಮ ಒಳಗೇ ಇದ್ದಾನೆ.

ನಾನು ಅಂದು ಏನು ಹೊಲಿಯುತ್ತಿದ್ದೆ ಗೊತ್ತೇ? ನಿಮ್ಮ ಮತ್ತು ನಿಮ್ಮ ಸಿಬ್ಬಂದಿಯ ಸಮವಸ್ತ್ರ. ಕವಾಯತಿಗೆ ಹೊಸ ಬಟ್ಟೆ ಬೇಕೆಂದು ನಿಮ್ಮ ಕಚೇರಿಯ ಅಂಗಳದಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಳತೆ ಕೊಡಿಸಿದ್ದಿರಿ. ಟೇಪು ಹಿಡಿದವನು ನಾನೇ. ಸಾಲು ಕರಗಲು ಸಂಜೆಯಾಯಿತು. ಕೊರತೆಯಲ್ಲಿದ್ದ ಆ ಸಿಬ್ಬಂದಿಯ ಎದೆ, ಸೊಂಟ ಎಲ್ಲವೂ ದಷ್ಟಪುಷ್ಟವಾಗಿಯೇ ಇದ್ದವು. ಅಷ್ಟು ಜನರನ್ನು ಮುಟ್ಟಿ ನೋಡಿಯೂ, 'ನನ್ನ ತಮ್ಮನನ್ನು ಕರೆತರಲು ಇವರಲ್ಲಿ ಇಬ್ಬರು ಸಿಗಲಿಲ್ಲವೇ ಸ್ವಾಮಿ?' ಎಂದು ನಾನು ಕೇಳಲಿಲ್ಲ. ದೊಡ್ಡ ಆರ್ಡರು, ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಬಾಯಿ ಮುಚ್ಚಿಕೊಂಡು ಸುತ್ತಳತೆ ಬರೆದುಕೊಂಡೆ.

ಮೊನ್ನೆ ಜೈಲಿನ ಜಾಲರಿಯ ಮುಂದೆ ನಿಂತು ಎಲ್ಲವನ್ನೂ ಅವನಿಗೆ ಹೇಳಿದೆ. "ಬಿಡಣ್ಣ, ಕೆಲಸ ಜಾಸ್ತಿ ಇತ್ತೇನೋ" ಅಂದ. ನಾನು ಹೊರಟಾಗ, "ನಾನು ಬಾಗಿಲ ಕಡೆಗೇ ನೋಡ್ತಿದ್ದೆ ಕಣಣ್ಣ" ಅಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾನು ಬಾರದ ಒಂದು ದಿನಕ್ಕೆ ನನಗೆ ಇಷ್ಟು ಶಿಕ್ಷೆ. ನೀವು ಕರೆತಾರದ ನಾಲ್ಕು ವರ್ಷಕ್ಕೆ ಶಿಕ್ಷೆ ಯಾರಿಗೆ? ವ್ಯಾನಿಗೇ? 'ಕೊರತೆ'ಗೆ ಮುಖವಿಲ್ಲ, ಸಂಬಳವಿಲ್ಲ, ಬಡ್ತಿಯೂ ಇಲ್ಲ. ಇವೆಲ್ಲ ಇರುವವರು ನೀವು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಹೊಸ ನ್ಯಾಯಾಧೀಶರು ಬಂದ ಮೊದಲ ದಿನವೇ ನನ್ನ ತಮ್ಮನನ್ನು ಕರೆತನ್ನಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಇನ್ನು ಮುಂದೆ ಯಾವ ಕೈದಿಯನ್ನು ಕರೆತರದಿದ್ದರೂ ಚೀಟಿ ಕಳಿಸಬೇಡಿ. ನೀವೇ ಬಂದು ಕಟಕಟೆಯಲ್ಲಿ ನಿಂತು, ಅವನ ಮನೆಯವರ ಮುಖ ನೋಡಿ ಕಾರಣ ಹೇಳಿ. ಅಂಥ ಕಷ್ಟವೇನಿಲ್ಲ, ನಾನು ತಮ್ಮನ ಮುಂದೆ ನಿಂತು ನೋಡಿದ್ದೇನೆ. ಕಾಲರ್ ಸ್ವಲ್ಪ ಬಿಗಿಯಾದಂತೆ ಆಗುತ್ತದೆ, ಅಷ್ಟೇ. ನೀವು ಹೆದರಬೇಡಿ. ನಿಮ್ಮ ಕಾಲರ್ ಹೊಲಿದವನು ನಾನೇ. ಉಸಿರಾಡಲು ಜಾಗ ಬಿಟ್ಟೇ ಹೊಲಿದಿದ್ದೇನೆ.

ಇಂತಿ,
ಕರೆದ ದಿನ ಬಾರದೆ ಹೋದ
ಒಬ್ಬ ಅಣ್ಣ